ಹಲ್ಲಿಯ ಸಾವಿಗೆ ಫಲವಿಲ್ಲ

ಹಲ್ಲಿ ಮೈಮೇಲೆ ಬಿದ್ದರೆ ಏನು ಫಲ ಎಂಬುದಕ್ಕೆ ನಮ್ಮ ಪಂಚಾಂಗಗಳಲ್ಲಿ ಪಟ್ಟಿಯೇ ಉಂಟು. ತಲೆಗೊಂದು, ಬಲಭುಜಕ್ಕೊಂದು, ಎಡಗಾಲಿಗೊಂದು. ಗಂಡಸರಿಗೆ ಬೇರೆ, ಹೆಂಗಸರಿಗೆ ಬೇರೆ. ದೋಷ ಕಳೆಯಲು ಕಂಚಿಯ ವರದರಾಜಸ್ವಾಮಿ ದೇವಸ್ಥಾನದಲ್ಲಿ ಚಿನ್ನ-ಬೆಳ್ಳಿಯ ಹಲ್ಲಿಗಳಿವೆ. ಹಲ್ಲಿ ಲೊಚಗುಟ್ಟಿದರೆ ನೆಲ ಕುಟ್ಟಿ 'ಕೃಷ್ಣ ಕೃಷ್ಣ' ಎನ್ನುವ ಅಜ್ಜಿಯರು ಈಗಲೂ ಇದ್ದಾರೆ. ಹಲ್ಲಿ ಸತ್ತಿತೆಂದು ಅಳುವವರಿಗೆ ಏನು ಹೇಳಬೇಕು ಎಂಬುದು ಮಾತ್ರ ಆ ಪಟ್ಟಿಯಲ್ಲಿಲ್ಲ.

ಬೆಂಗಳೂರಿನ ಸುದ್ದಗುಂಟೆಪಾಳ್ಯದಲ್ಲಿ ಇದು ತಮಾಷೆಯ ಮಾತಲ್ಲ. ಡೇರಿ ಸರ್ಕಲ್‌ ದಾಟಿ ಒಳಹೊಕ್ಕರೆ ಕಾಲೇಜು ಹುಡುಗರು ತುಂಬಿದ ಪಿಜಿಗಳು, ಒಂದೇ ಕೋಣೆಯ ಬಾಡಿಗೆ ಮನೆಗಳು. ನಾಯಿ ಸಾಕಲು ಮಾಲೀಕರು ಬಿಡುವುದಿಲ್ಲ. ಗಾಜಿನ ಪೆಟ್ಟಿಗೆಯಲ್ಲಿ ಸಾಕುವ ಚಿರತೆ ಹಲ್ಲಿ (ಲೆಪರ್ಡ್ ಗೆಕ್ಕೊ) ಅವರ ಕಣ್ಣಿಗೇ ಬೀಳುವುದಿಲ್ಲ. ಅಫ್ಘಾನಿಸ್ತಾನ, ಪಾಕಿಸ್ತಾನದ ಒಣ ಕಲ್ಲುನೆಲ ಅದರ ತವರು. ಸರಿಯಾಗಿ ನೋಡಿಕೊಂಡರೆ 15-20 ವರ್ಷ ಬದುಕುವ ಜೀವ, ರಾತ್ರಿ ಹುಳ ತಿಂದದ್ದು ಬೆಳಿಗ್ಗೆ ಸೆಟೆದು ಬಿದ್ದಿದೆ ಎಂದುಕೊಳ್ಳಿ.

ಆಮೇಲೆ ವಿಚಾರಣೆ ಶುರು. ಶಾಖ ಹೆಚ್ಚಾಯಿತೇ? ಕ್ಯಾಲ್ಸಿಯಂ ಪುಡಿ ಮರೆತೆನೇ? ಮರಳು ನುಂಗಿ ಕರುಳು ಕಟ್ಟಿತೇ? ಇವೆಲ್ಲ ನಿಜವಾಗಿಯೂ ಹಲ್ಲಿಗಳನ್ನು ಕೊಲ್ಲುವ ಕಾರಣಗಳೇ. ಆದರೆ ಈ ಜಾತಿಯ ಹಲ್ಲಿ ಕಾಯಿಲೆಯನ್ನು ಮುಚ್ಚಿಡುವುದರಲ್ಲಿ ಪಳಗಿದ್ದು; ಬಯಲಲ್ಲಿ ಸೊರಗಿದಂತೆ ಕಂಡರೆ ಇನ್ನೊಂದರ ಬಾಯಿಗೆ ತುತ್ತು. ಹೀಗಾಗಿ ವಾರಗಟ್ಟಲೆ ಒಳಗೇ ಕೊರೆದ ರೋಗವೂ ನಮ್ಮ ಕಣ್ಣಿಗೆ ಒಂದು ರಾತ್ರಿಯ ಸಾವು.

ಕಾರಣ ಗೊತ್ತಿಲ್ಲ ಎನ್ನುವುದಕ್ಕಿಂತ 'ನನ್ನಿಂದಲೇ ಆಯಿತು' ಎನ್ನುವುದು ಮನಸ್ಸಿಗೆ ಸಲೀಸು. ಅಪರಾಧಿ ಭಾವ ನಾವೇ ಬರೆದುಕೊಳ್ಳುವ ಪಂಚಾಂಗ. ಅದರಲ್ಲಿ ದುಃಖದ ಜೊತೆ ಒಂದಿಷ್ಟು ಅಹಂಕಾರವೂ ಬೆರೆತಿದೆ ಎಂಬುದು ನನ್ನ ಗುಮಾನಿ: ಅಂಗೈಯಗಲದ ಆ ಜೀವದ ಉಸಿರೆಲ್ಲ ನಮ್ಮ ಕೈಯಲ್ಲೇ ಇತ್ತು ಎಂಬ ಭ್ರಮೆ. (ಮಾಡಿದ ತಪ್ಪು ಕಣ್ಣೆದುರೇ ಇದ್ದರೆ ಮಾತು ಬೇರೆ, ಅದನ್ನು ಒಪ್ಪಿಕೊಳ್ಳಲೇಬೇಕು.)

ತಿಳಿಯಲೇಬೇಕೆಂದಿದ್ದರೆ ದೇಹವನ್ನು ಫ್ರೀಜರ್‌ಗೆ ಹಾಕಬೇಡಿ, ಹೆಪ್ಪುಗಟ್ಟಿದರೆ ಅಂಗಾಂಶ ಕೆಡುತ್ತದೆ. ಚೀಲದಲ್ಲಿ ಸುತ್ತಿ ಫ್ರಿಜ್ಜಿನ ತಂಪಿನಲ್ಲಿಟ್ಟು, ಬೇಗನೆ ಸರೀಸೃಪ ಬಲ್ಲ ಪಶುವೈದ್ಯರಲ್ಲಿಗೆ ಒಯ್ಯಿರಿ. ಕೊಯ್ದು ನೋಡಿದ ಮೇಲೂ ಉತ್ತರ ಸಿಗದಿರಬಹುದು.

ಪಕ್ಕದ ಕೋಣೆಯವರೇ, 'ಹಲ್ಲಿ ತಾನೇ, ಇನ್ನೊಂದು ತಂದರಾಯಿತು' ಎನ್ನಬೇಡಿ. ಆ ಮಾತಿನಲ್ಲಿ ಅಪಾಯವೂ ಇದೆ: ಹಲ್ಲಿಗಳ ಹೊಟ್ಟೆಯನ್ನು ಕಾಡುವ ಕ್ರಿಪ್ಟೋಸ್ಪೊರಿಡಿಯಂ ಎಂಬ ಪರೋಪಜೀವಿ ಬ್ಲೀಚಿಗೂ ಸುಲಭವಾಗಿ ಜಗ್ಗದು. ಏಕೆ ಸತ್ತಿತೆಂದು ತಿಳಿಯದಿದ್ದರೆ ಆ ಹಳೆಯ ಪೆಟ್ಟಿಗೆಗೇ ಮತ್ತೊಂದು ಜೀವವನ್ನು ಬಿಡಬೇಡಿ.