ಬಚ್ಚಲುಮನೆಯಲ್ಲಿ ಮಡಿ

ಹಳೆಯ ಕನ್ನಡ ಮನೆಗಳಲ್ಲಿ ಬಚ್ಚಲೂ ಪಾಯಖಾನೆಯೂ ಸಾಮಾನ್ಯವಾಗಿ ಒಂದೇ ಸೂರಿನಡಿ ಇರುತ್ತಿರಲಿಲ್ಲ. ಬಚ್ಚಲು ಎಷ್ಟೋ ಮನೆಗಳಲ್ಲಿ ಅಡುಗೆಮನೆಯ ಮಗ್ಗುಲಲ್ಲೇ: ಒಲೆಯ ಮೇಲೆ ತಾಮ್ರದ ಹಂಡೆ, ಪಕ್ಕದಲ್ಲಿ ತಣ್ಣೀರ ತೊಟ್ಟಿ, ಕೂತು ಮೀಯಲು ಕಲ್ಲುಚಪ್ಪಡಿ. ಪಾಯಖಾನೆ ಇದ್ದರೆ ಹಿತ್ತಿಲ ಕೊನೆಗೆ, ಇಲ್ಲದಿದ್ದರೆ ಬಯಲೇ ಗತಿ. ಈ ದೂರಕ್ಕೆ ವಾಸನೆಯೊಂದೇ ಕಾರಣವಲ್ಲ. ಅದು ಮೈಲಿಗೆಯ ಜಾಗ, ಇದು ಮೈಲಿಗೆ ಕಳೆಯುವ ಜಾಗ. ಅಟ್ಯಾಚ್ಡ್ ಬಾತ್‌ರೂಮ್ ಎರಡನ್ನೂ ಒಂದೇ ಬಾಗಿಲೊಳಗೆ, ಅದೂ ಮಲಗುವ ಕೋಣೆಗೆ ಅಂಟಿಕೊಂಡಂತೆ ತಂದಿಟ್ಟಿತು. ಕಮೋಡಿನ ಪಕ್ಕದಲ್ಲೇ ಮಿಂದವರು ಮಡಿಯಾಗುತ್ತಾರೆಯೇ ಎಂಬ ಅನುಮಾನದ ಹಿಂದೆ ಹಳೆಯ ಪ್ರಶ್ನೆಯೊಂದಿದೆ: ಶುದ್ಧಿ ಇರುವುದು ಜಾಗದಲ್ಲೋ, ಮೀಯುವವರಲ್ಲೋ?

ಧರ್ಮಶಾಸ್ತ್ರಗಳು ಶೌಚವನ್ನು ಬಾಹ್ಯ, ಆಭ್ಯಂತರ ಎಂದು ಎರಡಾಗಿ ನೋಡುತ್ತವೆ. ನೀರು, ಮಣ್ಣುಗಳಿಂದ ಆಗುವುದು ಮೈಯ ಶುದ್ಧಿ ಮಾತ್ರ. ಪತಂಜಲಿ ಐದು ನಿಯಮಗಳಲ್ಲಿ ಶೌಚವನ್ನು ಮೊದಲಿಗಿಟ್ಟು, ಅದರ ಫಲವಾಗಿ ತನ್ನ ದೇಹದ ಮೇಲೇ ಜುಗುಪ್ಸೆ ಹುಟ್ಟುತ್ತದೆ ಎನ್ನುತ್ತಾನೆ. ಎಷ್ಟು ತೊಳೆದರೂ ಮತ್ತೆ ಕೊಳೆಯಾಗುವ ಮೈಯನ್ನು ದಿನಾ ಕಂಡವನಿಗೆ ಅದರ ಮೋಹ ಸಡಿಲುತ್ತದೆಂಬುದು ಇಲ್ಲಿನ ತರ್ಕ. ಆಳೆತ್ತರದ ಕನ್ನಡಿ, ಇಟಾಲಿಯನ್ ಮಾರ್ಬಲ್, ಹದವಾದ ಬೆಳಕುಗಳಿಂದ ಸಿಂಗರಗೊಂಡ ಇಂದಿನ ಸ್ನಾನದ ಕೋಣೆ ಕಲಿಸುವ ಪಾಠ ಇದಕ್ಕೆ ತೀರಾ ತದ್ವಿರುದ್ಧ. ಹನ್ನೆರಡನೆಯ ಶತಮಾನದ ಶರಣರಂತೂ ಒಳಗು ತೊಳೆಯದೆ ಹೊಳೆಯಲ್ಲಿ ಮುಳುಗಿ ಏಳುವವರನ್ನು ನೇರವಾಗಿಯೇ ಗೇಲಿ ಮಾಡಿದರು.

ಆದರೂ ಆಚಾರ ಬಚ್ಚಲಿನ ಸಾಮಾನುಗಳಲ್ಲಿ ಉಳಿದುಕೊಂಡಿದೆ. ಮಡಿಗೆ ಬೇಕಾದದ್ದು ತಲೆಯಿಂದ ಇಳಿದು ಹರಿದುಹೋಗುವ ನೀರು. ಹಾಗಾಗಿ ಚೊಂಬಿನ ಜಾಗಕ್ಕೆ ಮಗ್ಗು, ಶವರ್‌ಗಳು ಸಲೀಸಾಗಿ ಬಂದವು. ಮೈಯ ಕೊಳೆ ಬಿಟ್ಟ ನೀರಲ್ಲೇ ಕೂರಬೇಕಾದ ಬಾತ್‌ಟಬ್ ಮಾತ್ರ ಕೊಂಡವರ ಮನೆಯಲ್ಲೂ ಅಲಂಕಾರಕ್ಕೇ ಉಳಿಯುವುದುಂಟು. ನರಕಚತುರ್ದಶಿಯ ಹಿಂದಿನ ಸಂಜೆ, ನೀರು ತುಂಬುವ ಹಬ್ಬದಲ್ಲಿ, ಹಂಡೆಯನ್ನು ಬೆಳಗಿ ಸುಣ್ಣ, ಕೆಮ್ಮಣ್ಣಿನ ಪಟ್ಟೆ ಬಳಿಯುತ್ತಾರೆ. ಮಲೆನಾಡಿನಲ್ಲಿ ಅದರ ಕೊರಳಿಗೆ ಹಿಂಡಲಬಳ್ಳಿ ಸುತ್ತುತ್ತಾರೆ. ಮರುದಿನದ ಎಣ್ಣೆಸ್ನಾನಕ್ಕೆ ಆ ನೀರೇ ಗಂಗೆ. ಹಂಡೆಯಿಲ್ಲದ ಫ್ಲ್ಯಾಟುಗಳಲ್ಲಿ ಗೀಸರಿಗೋ ಬಕೆಟ್ಟಿಗೋ ಕುಂಕುಮ ಹಚ್ಚುವವರಿದ್ದಾರೆ. ನಗುವಂಥದ್ದೇನಿಲ್ಲ, ಪೂಜೆ ಸಲ್ಲುವುದು ನೀರಿಗೆ.

ಮಡಿಯ ಲೆಕ್ಕದಲ್ಲಿ ಬರೆಯದೆ ಬಿಟ್ಟ ಬಾಬ್ತು ಇನ್ನೊಂದಿದೆ. ಪೇಟೆಯ ಹಳೆಯ ಪಾಯಖಾನೆಗಳಿಗೆ ಹಿಂಬದಿಯಿಂದ ಒಂದು ಕಿಂಡಿ ಇರುತ್ತಿತ್ತು. ದಲಿತ ಕಾರ್ಮಿಕರು ಅಲ್ಲಿಂದ ಮಲ ತೆಗೆದು ತಲೆಯ ಮೇಲೆ ಹೊತ್ತೊಯ್ಯುತ್ತಿದ್ದರು. ಒಳಗಿನವರ ಮಡಿ ಇವರಿಗೆ ಹೊರಿಸಿದ ಮೈಲಿಗೆಯ ಮೇಲೆ ನಿಂತಿತ್ತು. 1970ರ ದಶಕದಲ್ಲಿ ಸಚಿವ ಬಿ. ಬಸವಲಿಂಗಪ್ಪ ಕರ್ನಾಟಕದಲ್ಲಿ ಈ ಪದ್ಧತಿಯ ನಿಷೇಧಕ್ಕೆ ಕಾರಣರಾದರು; ಕೇಂದ್ರದ ಕಾಯಿದೆ ಬಂದದ್ದು 1993ರಲ್ಲಿ. ಪಾಯಖಾನೆ ಮನೆಯೊಳಗೆ ಬರಲು ದಾರಿ ಮಾಡಿದ್ದು ಯಾವ ಶಾಸ್ತ್ರವೂ ಅಲ್ಲ, ಒಂದು ಬಾಗಿದ ಕೊಳವೆ. ಅದರ ತಿರುವಿನಲ್ಲಿ ನಿಂತ ನೀರು ವಾಸನೆಯನ್ನು ತಡೆಯುತ್ತದೆ, ಫ್ಲಶ್ಶಿನ ನೀರು ಮಲವನ್ನು ಕೈ ತಾಗದಂತೆ ಸಾಗಿಸುತ್ತದೆ. ಕೊಳವೆಯ ಆಚೆ ತುದಿಯಲ್ಲಿ ಮಾತ್ರ ಹಳೆಯ ಏರ್ಪಾಡು ಅಷ್ಟು ಬೇಗ ಕದಲಲಿಲ್ಲ. ರಕ್ಷಣಾ ಸಾಧನವಿಲ್ಲದೆ ಮನುಷ್ಯರನ್ನು ಒಳಚರಂಡಿಗೆ, ಸೆಪ್ಟಿಕ್ ಟ್ಯಾಂಕಿಗೆ ಇಳಿಸುವುದನ್ನು 2013ರ ಕಾಯಿದೆ ಅಪರಾಧವೆಂದಿತು. ಮ್ಯಾನ್‌ಹೋಲಿನ ಸಾವುಗಳು ಅದಾದ ಮೇಲೂ ನಿಂತಿಲ್ಲ.