ಅಳಿಸುವವರಿಲ್ಲದ ಕಲೆ

“ಗಾಯ ಮಾಗಿದ ಗುರುತನ್ನೇ ಕಾಯಿಲೆ ಅಂತೀರಲ್ಲ ಡಾಕ್ಟರುಗಳು, ಅದು ಹೇಗಮ್ಮ?” ಮೇಷ್ಟ್ರು ಕೇಳಿದರು. ನ್ಯಾಯಶಾಸ್ತ್ರ ಪಾಠ ಹೇಳಿ ನಿವೃತ್ತರಾದವರು ಅವರು. ಎದುರಿಗಿದ್ದವಳು ಅಣ್ಣನ ಮಗಳು, ಲಿವರ್ ಬಯಾಪ್ಸಿ ನೋಡುವ ಪ್ಯಾಥಾಲಜಿಸ್ಟ್.

“ಒಂದು ಸಲ ಮಾಗಿದರೆ ಕಾಯಿಲೆಯಲ್ಲ, ಚಿಕ್ಕಪ್ಪ. ವರ್ಷಗಟ್ಟಲೆ ಮಾಗುತ್ತಲೇ ಇದ್ದರೆ ಕಾಯಿಲೆ.”

ಹೆಪಟೈಟಿಸ್ ವೈರಸ್ಸೋ, ಮದ್ಯವೋ, ಕೊಬ್ಬೋ ಯಕೃತ್ತಿನ ಕೋಶಗಳನ್ನು ಕೊಲ್ಲುತ್ತಾ ಹೋದಾಗ ಸ್ಟೆಲೇಟ್ ಕೋಶಗಳು ಎಚ್ಚರಗೊಳ್ಳುತ್ತವೆ ಎಂದು ಅವಳು ವಿವರಿಸಿದಳು. ಜರ್ಮನಿಯ ಕುಫರ್ 1876ರಲ್ಲಿ ವರ್ಣಿಸಿದ ನಕ್ಷತ್ರಾಕಾರದ ಕೋಶಗಳಿವು. ಆರೋಗ್ಯವಿದ್ದಾಗ ವಿಟಮಿನ್ ಎ ಕೂಡಿಟ್ಟುಕೊಂಡು ಸುಮ್ಮನಿರುತ್ತವೆ. ಪೆಟ್ಟು ಬಿದ್ದರೆ ಆ ದಾಸ್ತಾನನ್ನು ಕಳೆದುಕೊಂಡು ಕೊಲಾಜೆನ್ ನಾರು ಸುರಿಸತೊಡಗುತ್ತವೆ. ನಾರಿನ ಪಟ್ಟಿಗಳು ಒಂದಕ್ಕೊಂದು ಕೂಡಿಕೊಂಡು ಕೋಶಗಳನ್ನು ಗಂಟುಗಂಟಾಗಿ ಸುತ್ತುವರಿದರೆ ಅದೇ ಸಿರೋಸಿಸ್. 1819ರಲ್ಲಿ ಆ ಹೆಸರು ಕೊಟ್ಟವನು ಫ್ರಾನ್ಸಿನ ಲೆನೆಕ್.

“ಕೊಲಾಜೆನ್ ಒಂದೇ ಆಗಿದ್ದರೆ ಕರಗಿಸಬಹುದು. ಅದರ ಜೊತೆಗೆ ಎಲಾಸ್ಟಿನ್ನೂ ಬಂದು ಕೂರುತ್ತೆ. ಉಸಿರಾಡಿದಾಗ ಶ್ವಾಸಕೋಶ ಹಿಗ್ಗಿ ಕುಗ್ಗೋದು, ರಕ್ತನಾಳ ಮಿಡಿಯೋದು ಅದರಿಂದಲೇ.”

“ಒಳ್ಳೆಯ ವಸ್ತುವೇ ಆಯಿತಲ್ಲ!”

“ಶ್ವಾಸಕೋಶದಲ್ಲಿ ಒಳ್ಳೆಯದೇ.” ಟ್ರೋಪೋಎಲಾಸ್ಟಿನ್ ಅಣುಗಳು ಫೈಬ್ರಿಲಿನ್ ಎಳೆಗಳ ಮೇಲೆ ಸಾಲಾಗಿ ಕೂರುತ್ತವೆ. ತಾಮ್ರವಿಲ್ಲದೆ ಕೆಲಸ ಮಾಡದ ಲೈಸಿಲ್ ಆಕ್ಸಿಡೇಸ್ ಎಂಬ ಕಿಣ್ವ ಅವನ್ನು ಒಂದಕ್ಕೊಂದು ಹೊಲಿಯುತ್ತದೆ. ನಾಲ್ಕು ಲೈಸಿನ್‌ಗಳು ಬೆಸೆದು ಡೆಸ್ಮೋಸಿನ್ ಎಂಬ ಕೊಂಡಿಯಾಗುತ್ತದೆ. ಹಾಗೆ ಬಿಗಿದ ನಾರನ್ನು ಕತ್ತರಿಸಬಲ್ಲ ಕಿಣ್ವಗಳು ಬೆರಳೆಣಿಕೆಯಷ್ಟು. ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಗೆ ಸೇರಿದ ಕಾರ್ಬನ್-14 ಶ್ವಾಸಕೋಶದ ಎಲಾಸ್ಟಿನ್ನಿನಲ್ಲಿ ಎಷ್ಟಿದೆ ಎಂದು ಅಳೆದವರು, ಅದು ಸರಾಸರಿ 74 ವರ್ಷ ಉಳಿಯುತ್ತದೆ ಎಂದು 1991ರಲ್ಲಿ ಅಂದಾಜಿಸಿದರು. ಒಬ್ಬ ಮನುಷ್ಯನ ಆಯಸ್ಸು.

ಅವಳು ಎರಡು ಸ್ಲೈಡುಗಳನ್ನು ಒಂದಾದ ಮೇಲೊಂದು ಮೈಕ್ರೋಸ್ಕೋಪಿಗೆ ಇಟ್ಟು ತೋರಿಸಿದಳು. ಎರಡಕ್ಕೂ ಹಾಕಿದ್ದು ಓರ್ಸೀನ್ ಬಣ್ಣ. ನಮ್ಮ ಮಸಾಲೆಗೆ ಬೀಳುವ ಕಲ್ಲುಹೂವಿನ ಬಳಗದ ಲೈಕೆನ್‌ಗಳಿಂದ ಹಿಂದೆ ತೆಗೆಯುತ್ತಿದ್ದ ಬಣ್ಣವದು. ಒಂದರಲ್ಲಿ ಕಂದು ಎಳೆಗಳು ತುಂಬಿದ್ದವು. ಇನ್ನೊಂದರಲ್ಲಿ ಏನೂ ಇಲ್ಲ.

“ಮಾಮೂಲಿ ಬಣ್ಣದಲ್ಲಿ ಎರಡೂ ಸಿರೋಸಿಸ್ ಥರವೇ ಕಾಣುತ್ತವೆ. ಆದರೆ ಈ ಎರಡನೆಯದು ತೀವ್ರ ಹೆಪಟೈಟಿಸ್ಸಿನಲ್ಲಿ ಕೆಲವೇ ದಿನಗಳಲ್ಲಿ ಕುಸಿದ ಲಿವರ್. ಕೋಶಗಳು ಸತ್ತು ಹಳೆಯ ಹಂದರ ಮಡಚಿಕೊಂಡಿದೆ ಅಷ್ಟೆ. ಎಲಾಸ್ಟಿನ್ ಇಲ್ಲ ಅಂದರೆ ಪೆಟ್ಟು ಹೊಸದು. ಈ ವ್ಯತ್ಯಾಸವನ್ನು ಶೋಯರ್ ಮತ್ತು ಮ್ಯಾಗಿ 1980ರಲ್ಲಿ ಬರೆದಿಟ್ಟರು.”

“ಅಂದರೆ ಶರೀರ ಎಲಾಸ್ಟಿನ್ನನ್ನು ತಡವಾಗಿ ತಯಾರಿಸುತ್ತೆ.”

“ಹಾಗಂತ ಅನ್ನಿಸುತ್ತೆ. ಆದರೆ 2012ರಲ್ಲಿ ಎಡಿನ್‌ಬರೋದವರು ಪ್ರಯೋಗದ ಪ್ರಾಣಿಗಳಲ್ಲಿ ನೋಡಿದಾಗ ತಯಾರಿಕೆ ಮೊದಲಿನಿಂದಲೇ ನಡೆದಿತ್ತು. ಮ್ಯಾಕ್ರೋಫೇಜ್ ಕೋಶಗಳು ಎಂಎಂಪಿ-12 ಅನ್ನೋ ಕಿಣ್ವದಿಂದ ಅದನ್ನು ಆಗಿಂದಾಗಲೇ ಕತ್ತರಿಸಿ ಹಾಕುತ್ತಿದ್ದವು. ಆ ಕಿಣ್ವವೇ ಇಲ್ಲದ ಇಲಿಗಳಲ್ಲಿ ಎಲಾಸ್ಟಿನ್ ಬೇಗನೆ ಶೇಖರವಾಯಿತು.”

ಮೇಷ್ಟ್ರು ಕುರ್ಚಿ ಮುಂದಕ್ಕೆಳೆದುಕೊಂಡರು. “ಇದು ನಮ್ಮ ಹಳೆಯ ಜಗಳ ಕಣೇ! ಬೆಂಕಿಯ ಹತ್ತಿರ ಒಂದು ಮಣಿ ಇಟ್ಟರೆ ಸುಡೋದಿಲ್ಲ, ತೆಗೆದರೆ ಸುಡುತ್ತೆ ಅಂತ ಒಂದು ದೃಷ್ಟಾಂತವಿದೆ. ಮಣಿಯಿಂದ ಬೆಂಕಿಯೊಳಗಿನ ಶಕ್ತಿಯೇ ನಾಶವಾಗುತ್ತೆ ಅಂತಾನೆ ಮೀಮಾಂಸಕ. ಹಾಗೊಂದು ಬೇರೆ ಶಕ್ತಿಯನ್ನು ಕಲ್ಪಿಸೋದು ಬೇಡ, ಮಣಿ ಇಲ್ಲದಿರೋದೂ ಸುಡೋದಕ್ಕೆ ಒಂದು ಕಾರಣ ಅಂತಾನೆ ನೈಯಾಯಿಕ. ಪ್ರತಿಬಂಧಕಾಭಾವ. ನಿನ್ನ ಕಲೆಗೂ ಅಷ್ಟೇ, ಅಳಿಸುವವರು ಇಲ್ಲದಿರೋದೇ ಕಾರಣ.”

“ಬರೀ ಇಲ್ಲದಿರುವಿಕೆಯಿಂದ ನಾರು ಹುಟ್ಟುತ್ತದೆಯೇ?”

“ಅದೊಂದರಿಂದಲೇ ಅಂತ ಯಾರಂದರು? ಕಾರಣಸಾಮಗ್ರಿಯಲ್ಲಿ ಅದೂ ಒಂದು. ನೀವು ಮಾಡುವವನನ್ನೇ ಹುಡುಕುತ್ತಾ ಕೂತಿರಿ, ಅಳಿಸುವವನ ಕಡೆ ತಿರುಗಿ ನೋಡಲಿಲ್ಲ.”

ಅವಳು ಪೂರ್ತಿ ಒಪ್ಪಲಿಲ್ಲ. “ಆರಂಭದಲ್ಲಿ ನಿಮ್ಮ ನೈಯಾಯಿಕನೇ ಗೆಲ್ಲಲಿ. ಕೊಂಡಿಗಳು ಬಿಗಿದ ಮೇಲೆ ಕಥೆ ಬೇರೆ. ಕಿಣ್ವ ಪಕ್ಕದಲ್ಲೇ ಇದ್ದರೂ ಹಳೆಯ ನಾರಿಗೆ ಅದರ ಹಲ್ಲು ಹತ್ತೋದಿಲ್ಲ. ಮಣಿ ಇದೆ, ಬೆಂಕಿ ಕೇಳುತ್ತಿಲ್ಲ. ಅಲ್ಲಿ ಬದಲಾಗಿರೋದು ವಸ್ತುವಿನೊಳಗಿನ ಗುಣ. ನಾನು ಮೀಮಾಂಸಕರ ಪಕ್ಷ.”

“ಹಾಗಾದರೆ ಕೊಂಡಿ ಬೀಳದಂತೆ ತಡೆಯಿರಿ.”

“ತಡೆದು ನೋಡಿದ್ದಾರೆ.” ಲೈಸಿಲ್ ಆಕ್ಸಿಡೇಸ್ ಕುಟುಂಬದ ಒಂದು ಕಿಣ್ವವನ್ನು ಕಟ್ಟಿಹಾಕುವ ಸಿಮ್ಟುಜುಮಾಬ್ ಎಂಬ ಔಷಧವನ್ನು ಕೊಬ್ಬಿನ ಲಿವರ್ ಕಾಯಿಲೆಯಿಂದ ಕಲೆ ಬಿದ್ದವರಿಗೆ ಕೊಟ್ಟು ನೋಡಲಾಯಿತು. 2018ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಅದರಿಂದ ಪ್ರಯೋಜನವಾಗಲಿಲ್ಲ.

ಪೆಟ್ಟನ್ನೇ ನಿಲ್ಲಿಸಿದಾಗ ಮಾತ್ರ ಚಿತ್ರ ಬದಲಾಗುತ್ತದೆ. ಹೆಪಟೈಟಿಸ್ ಬಿ ಇದ್ದವರಿಗೆ ವೈರಸ್ ತಡೆಯುವ ಟೆನೊಫೋವಿರ್ ಮಾತ್ರೆ ಕೊಟ್ಟು ಐದು ವರ್ಷಗಳ ನಂತರ ಮತ್ತೆ ಬಯಾಪ್ಸಿ ಮಾಡಿದ ಅಧ್ಯಯನವೊಂದು 2013ರಲ್ಲಿ ಹೊರಬಂತು. ಆರಂಭದಲ್ಲಿ ಸಿರೋಸಿಸ್ ಇದ್ದ 96 ಜನರಲ್ಲಿ 71 ಮಂದಿಗೆ ಅದು ಉಳಿದಿರಲಿಲ್ಲ.

“ಸಿರೋಸಿಸ್ ಅಂದರೆ ಮರಳಿ ಬಾರದ ದಾರಿ ಅಂತಿದ್ದರಲ್ಲ!”

“ಅಂತಿದ್ದರು. ಆದರೆ ಇನ್ನೊಂದು ಮುಖವೂ ಇದೆ. 2004ರ ಪ್ರಯೋಗವೊಂದರಲ್ಲಿ ಇಲಿಗಳಿಗೆ ವಿಷ ಹಾಕಿ ಸಿರೋಸಿಸ್ ತರಿಸಿ, ಆಮೇಲೆ ವಿಷ ನಿಲ್ಲಿಸಿ ಒಂದು ವರ್ಷ ಕಾದರು. ತೆಳು ಪಟ್ಟಿಗಳು ಕರಗಿ ಚಿಕ್ಕ ಗಂಟುಗಳು ದೊಡ್ಡವಾದವು. ಕೊನೆಗೂ ಕರಗದೆ ಉಳಿದ ಪಟ್ಟಿಗಳು ಯಾವುವು ಗೊತ್ತಾ? ಕೊಂಡಿ ಬಿಗಿದ, ಎಲಾಸ್ಟಿನ್ ತುಂಬಿದವು.”

ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ಮನಿದ್ದರು. “ಆ 71 ಜನರನ್ನು ಗುಣವಾದವರು ಅನ್ನಬಹುದೇ?”

“‘ಗುಣವಾಗಿದೆ’ ಅಂತ ನಾನು ರಿಪೋರ್ಟಿನಲ್ಲಿ ಬರೆಯೋದಿಲ್ಲ. ಪಟ್ಟಿಗಳು ತೆಳುವಾಗಿವೆ, ಅಲ್ಲಲ್ಲಿ ತುಂಡಾಗಿವೆ, ಕಲೆ ಹಿಂದೆ ಸರಿದಿದೆ, ಅಷ್ಟನ್ನೇ ಬರೀತೀನಿ.”

“ಗಂಟುಗಳಿಲ್ಲದ ಮೇಲೆ ಕಾಯಿಲೆ ಎಲ್ಲಿದೆ? ಸುಡದೇ ಇರೋದನ್ನು ಬೆಂಕಿ ಅನ್ನೋದಕ್ಕಾಗಲ್ಲ.”

“ಇಂಥವರಲ್ಲಿ ಲಿವರ್ ಕ್ಯಾನ್ಸರಿನ ಅಪಾಯ ಕಡಿಮೆಯಾಗಿರುತ್ತೆ, ಪೂರ್ತಿ ಹೋಗಿರೋದಿಲ್ಲ ಚಿಕ್ಕಪ್ಪ. ಅದಕ್ಕೇ ಮಾತ್ರೆ ಮುಂದುವರಿಸಿ, ಆರು ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್‌ಗೆ ಬನ್ನಿ ಅಂತ ಡಾಕ್ಟರು ಹೇಳಿ ಕಳಿಸ್ತಾರೆ.”