ಏಳು ಕೊಳ್ಳದ ತಾಯಿಗೆ ಗಾಲಿ ಕಾಲಿನವಳ ಬಿನ್ನಹ

ಏಳು ಕೊಳ್ಳದ ಎಲ್ಲವ್ವ ತಾಯಿ, ನಿನ್ನ ಮುಂದೆ ಜನ ಮಳೆ ಬೇಡಿದ್ದಾರೆ, ಮಕ್ಕಳನ್ನು ಬೇಡಿದ್ದಾರೆ, ಮೈಯ ಬೇನೆ ಕಳೆ ಎಂದು ಬೇಡಿದ್ದಾರೆ. ನನ್ನ ಬೇಡಿಕೆ ನಿನಗೂ ಹೊಸದಿರಬಹುದು. ನನ್ನ ಎಡ ಮೊಣಕಾಲು ಸೆಟೆಯದಿರಲಿ.

ನಡುವಯಸ್ಸಿನಲ್ಲಿ ಗಾಲಿ ಬೂಟು ಕಟ್ಟಿಕೊಂಡವಳು ನಾನು. ಫಿಗರ್ ಸ್ಕೇಟಿಂಗ್ ಮಂಜುಗಡ್ಡೆಯ ಆಟ; ಬೈಲಹೊಂಗಲದ ಬಿಸಿಲಿಗೆ ಮಂಜುಗಡ್ಡೆ ಎಲ್ಲಿಂದ ಬರಬೇಕು? ಅವೇ ಹೆಜ್ಜೆಗಳನ್ನು ಸಿಮೆಂಟಿನ ಅಂಗಳದಲ್ಲಿ ನಾಲ್ಕು ಗಾಲಿಯ ಮೇಲೆ ಕಲಿಯುತ್ತೇನೆ. 2010ರ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಹೈದರಾಬಾದಿನ ಅನುಪ್ ಕುಮಾರ್ ಯಾಮಾ ದೇಶಕ್ಕೆ ಕಂಚು ತಂದದ್ದೂ ಗಾಲಿಗಳ ಮೇಲೆಯೇ. ಬೂಟು ಕಟ್ಟುವ ಮೊದಲು ನಮ್ಮ ಅಂಗಳ ಗುಡಿಸಬೇಕು. ಜೋಳದ ಕಾಳಿನಷ್ಟು ಹರಳು ಸಿಕ್ಕರೂ ಬೂಟು ಅಲ್ಲೇ ನಿಲ್ಲುತ್ತದೆ, ಮೈ ಮಾತ್ರ ಮುಂದೆ ಹೋಗುತ್ತದೆ.

ಈ ಬೂಟಿನ ಮರ್ಮ ಕೇಳು ತಾಯಿ. 1863ರಲ್ಲಿ ಅಮೆರಿಕದ ಜೇಮ್ಸ್ ಪ್ಲಿಂಪ್ಟನ್ ಎಂಬಾತ ಗಾಲಿಯ ಅಚ್ಚು ಓಲಾಡುವಂತೆ ಅದಕ್ಕೊಂದು ರಬ್ಬರಿನ ಮೆತ್ತೆ ಕೊಟ್ಟ. ಅಂದಿನಿಂದ ಪಾದ ಯಾವ ಕಡೆ ವಾಲಿತೋ ಆ ಕಡೆಗೆ ಗಾಲಿ ಹೊರಳುತ್ತದೆ. ವಾಲದವಳಿಗೆ ತಿರುವಿಲ್ಲ. ಥ್ರೀ ಟರ್ನ್ ಎಂಬ ಹೆಜ್ಜೆಯಲ್ಲಿ ಒಂದೇ ಕಾಲ ಮೇಲೆ ಮುಂದಕ್ಕೆ ಹೋಗುತ್ತ ತಟ್ಟನೆ ಹಿಮ್ಮುಖವಾಗಬೇಕು. ಅದಕ್ಕೆ ಮೊದಲು ಪಾದದ ಹೊರಅಂಚಿನ ಮೇಲೆ ಮೈಭಾರವೆಲ್ಲ ಹಾಕಬೇಕು, ಅಂದರೆ ಬೀಳುವ ದಿಕ್ಕಿಗೇ ಮೈ ಒಪ್ಪಿಸಬೇಕು. ನನ್ನ ಭಯ ಅಡ್ಡ ನಿಲ್ಲುವುದು ಅಲ್ಲೇ. ಮೊಣಕಾಲು ಸೆಟೆಯುತ್ತದೆ, ಭಾರ ಹಿಮ್ಮಡಿಗೆ ಜಾರುತ್ತದೆ, ಉಸಿರು ಕಟ್ಟುತ್ತದೆ, ಕಣ್ಣು ನೆಲಕ್ಕೆ ನೆಡುತ್ತದೆ. ಬೀಳಬಾರದೆಂದು ಮೈ ಮಾಡುವ ಈ ಉಪಾಯವೇ ನನ್ನನ್ನು ಬೀಳಿಸುತ್ತದೆ. “ಅಕ್ಕಾರ, ಮೊಣಕಾಲ ಮಡಚ್ರಿ, ನೆಲಾ ನೋಡಬ್ಯಾಡ್ರಿ” ಎಂದು ಕಲಿಸುವ ಹುಡುಗ ಕೂಗುತ್ತಾನೆ. ಕಿವಿಗೆ ಕೇಳುತ್ತದೆ, ಕಾಲಿಗೆ ಕೇಳುವುದಿಲ್ಲ.

ನಾಚಿಕೆಯೂ ಇದೆ ತಾಯಿ. ಕಿತ್ತೂರು ಚನ್ನಮ್ಮ 1829ರಲ್ಲಿ ಸೆರೆಯಲ್ಲೇ ಕಣ್ಣು ಮುಚ್ಚಿದ್ದು ನಮ್ಮೂರಲ್ಲಿ. ಅವಳ ಸಮಾಧಿಯೂ ಇಲ್ಲೇ ಇದೆ. ಅಂಥ ಊರಿನವಳು ಅಂಜಿದರೆ ಹೇಗೆ ಎನ್ನುತ್ತಾರೆ. ಆದರೆ ಕೋಟೆಯ ಹೊರಗಿನ ಶತ್ರುವಿನ ಅಂಜಿಕೆ ಬೇರೆ, ತನ್ನ ಮೈಯೇ ಕೈಕೊಟ್ಟೀತೆಂಬ ಅಂಜಿಕೆ ಬೇರೆ. ಅದರ ಮೇಲೆ, ಈ ವಯಸ್ಸಿನ ಹೆಂಗಸು ನಾಲ್ಕು ಜನರ ಮುಂದೆ ಬಿದ್ದರೆ ಎಲುಬಿಗಿಂತ ಮೊದಲು ನೋಯುವುದು ಮಾನ.

ಭಾರತ ಹುಣ್ಣಿಮೆಗೆ ನಿನ್ನ ಗುಡ್ಡದಲ್ಲಿ ತಲೆಯ ಮೇಲೆ ಕೊಡ ಹೊತ್ತು ಕುಣಿಯುವ ಜೋಗತಿಯರನ್ನು ಕಂಡಿದ್ದೇನೆ. ಚೌಡಿಕೆ ನುಡಿಯುತ್ತಿರುತ್ತದೆ, ಕೈ ಕೊಡ ಮುಟ್ಟುವುದಿಲ್ಲ, ನೋಟ ಎದುರಿಗೇ ಇರುತ್ತದೆ. ಕೊಡ ಅಲುಗದಿರಲೆಂದು ಅವರು ಮೈ ಬಿಗಿ ಹಿಡಿಯುವುದಿಲ್ಲ. ಅಲುಗಾಟವನ್ನೆಲ್ಲ ಮೊಣಕಾಲು ನುಂಗುತ್ತದೆ. ಈ ಕುಣಿತವನ್ನೇ ಬದುಕು ಮಾಡಿಕೊಂಡ ಮಂಜಮ್ಮ ಜೋಗತಿಗೆ 2021ರ ಪದ್ಮಶ್ರೀ ಬಂತು. ಆ ಕಾಲುಗಳ ಮೆತುವಿನಲ್ಲಿ ಒಂದು ಪಾಲು ನನಗೂ ಕೊಡು.

ದೀಡ ನಮಸ್ಕಾರ ಹಾಕುತ್ತ ನಿನ್ನ ಗುಡಿಗೆ ಬರುವವರನ್ನೂ ಕಂಡಿದ್ದೇನೆ. ಮೊಣಕಾಲು ಊರಿ, ಅಂಗೈ ಊರಿ, ಎದೆ ನೆಲಕ್ಕೆ ತಾಗಿಸಿ, ಕೈ ಮುಟ್ಟಿದ ಜಾಗಕ್ಕೆ ಗುರುತು ಮಾಡಿ ಏಳುತ್ತಾರೆ. ಅಲ್ಲಿಂದ ಮತ್ತೆ ಮಲಗುತ್ತಾರೆ. ನೆಲಕ್ಕೆ ಹೋದವರನ್ನು ಕಂಡು ನಿನ್ನ ದಾರಿಯಲ್ಲಿ ಯಾರೂ ನಗುವುದಿಲ್ಲ. ನಮ್ಮ ಅಂಗಳದಲ್ಲೂ ಮೊದಲ ಪಾಠ ಬೀಳುವುದೇ: ತಗ್ಗಿ ಕೂರು, ಪಕ್ಕಕ್ಕೆ ವಾಲು, ತೊಡೆಯ ಮೇಲೆ ಬೀಳು, ಕೈ ಚಾಚಿ ಮಣಿಕಟ್ಟು ಮುರಿದುಕೊಳ್ಳಬೇಡ, ಗದ್ದ ಎದೆಗೆ ಒತ್ತು.

ಅದಕ್ಕೆ ತಾಯಿ, ಬೀಳದಂತೆ ಕಾಯಿ ಎಂದು ನಾನು ಕೇಳುವುದಿಲ್ಲ. ಹಾಗೆ ಕಾದರೆ ತಿರುವೂ ಬರಲಾರದು. ಮೊಣಕಾಲಿಗೆ ಮೆತು ಕೊಡು, ಕಣ್ಣಿಗೆ ದೂರ ಕೊಡು, ಕಟ್ಟಿದ ಉಸಿರು ಬಿಡಿಸು. ನೋಡುವವರ ಬಾಯಿ ನಿನಗೆ ಬಿಟ್ಟೆ.

ಹರಕೆ ಇಷ್ಟು. ಆ ತಿರುವು ಕೂಡಿಬಂದ ಮೇಲೆ ಸವದತ್ತಿಯಿಂದ, ರಾಮದುರ್ಗದಿಂದ, ಎಲ್ಲಿಂದಲೇ ಆಗಲಿ, ಹೆದರುತ್ತ ಬೂಟು ಕಟ್ಟುವ ಹೆಂಗಸೊಬ್ಬಳು ಬಂದರೆ ಮೊದಲು ನಾನೇ ಅವಳ ಮುಂದೆ ಬಿದ್ದು ತೋರಿಸುತ್ತೇನೆ. ನಗುವವರು ನನ್ನನ್ನು ನೋಡಿ ನಗಲಿ, ಅವಳು ಅಷ್ಟರಲ್ಲಿ ಎರಡು ಹೆಜ್ಜೆ ಕಲಿಯಲಿ.

ಉಧೋ ಉಧೋ ಎಲ್ಲವ್ವ.